ಗುಡ್ಡ ಇದ್ದ ಫೋಟೋ

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದು ಬಿತ್ತು. ಕೋಡಿಬಾಗ ಮತ್ತು ಸದಾಶಿವಗಡದ ನಡುವೆ 40 ವರ್ಷ ನಿಂತಿದ್ದ ಸೇತುವೆ. ಗೋವಾ ಕಡೆಯಿಂದ ಬರುತ್ತಿದ್ದ ಒಂದು ಲಾರಿ ನದಿಗೆ ಬಿತ್ತು. ಅದರ ಚಾಲಕ ಬದುಕಿ ಬಂದದ್ದು ದೊಡ್ಡ ಸಮಾಧಾನ. ಬೆಳಗಾಗುವಷ್ಟರಲ್ಲಿ ನಮ್ಮ ಜಿಲ್ಲೆಯ ಎಲ್ಲರ ಫೋನಿನಲ್ಲೂ ಅದೇ ಚಿತ್ರ. ಕಂಬಗಳು ನಿಂತಿವೆ, ರಸ್ತೆ ನೀರಿಗೆ ಇಳಿದಿದೆ.

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಆಯಿ, ಅಂದರೆ ನನ್ನ ಅಮ್ಮ, ಆ ಚಿತ್ರವನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ನನಗೆ ಫೋನ್ ಮಾಡಿದಳು. "ಇದೇ ಬ್ರಿಜ್ಜಿನ ಹತ್ರ ತೆಗೆದ ಫೋಟೋ ಇದ್ದಲೇ ಕೂಸೇ, ಅದನ್ನ ದೊಡ್ಡಕೆ ಮಾಡ್ಸಿ ಗೋಡೆಗೆ ಹಾಕನ" ಎಂದಳು.

ಯಾವ ಫೋಟೋ ಎಂದು ನನಗೆ ತಕ್ಷಣ ಗೊತ್ತಾಯಿತು. 2010ರ ನವೆಂಬರ್. ಜಮೀನಿನ ಕಾಗದದ ಕೆಲಸಕ್ಕೆ ಅಪ್ಪ ಜಿಲ್ಲಾ ಕೇಂದ್ರಕ್ಕೆ ಹೊರಟಿದ್ದ. ಆಯಿ ಕಾರವಾರದ ಸಮುದ್ರ ನೋಡಿ ಬಹಳ ವರ್ಷವಾಗಿತ್ತು. ಹಾಗಾಗಿ ನಾವೂ ಹೊರಟೆವು. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಹೋಗುವ ದಾರಿ. ಕೆಲಸ ಮುಗಿದ ಮೇಲೆ ಕಾಳಿ ನದಿಯ ದಡದಲ್ಲಿ ಆಯಿ, ಅಣ್ಣ, ನಾನು ನಿಂತೆವು. ಹಿಂದೆ ಸೇತುವೆ. ಆಗ ಅದೊಂದೇ ಸೇತುವೆ ಇತ್ತು, ಪಕ್ಕದ ಹೊಸದು ಇನ್ನೂ ಬಂದಿರಲಿಲ್ಲ. ಆಯಿಯ ಕೈಯಲ್ಲಿ ಖಾಲಿಯಾದ ಬುತ್ತಿ ಡಬ್ಬಿ. ಅಪ್ಪ ಅದೇ ವರ್ಷ ಕೊಂಡಿದ್ದ ಕ್ಯಾಮೆರಾ ಹಿಡಿದು ಎದುರು ನಿಂತಿದ್ದ. ಪೆನ್ಸಿಲ್ ಸೆಲ್ ಹಾಕುವ, 12 ಮೆಗಾಪಿಕ್ಸೆಲ್‌ನ ನಿಕಾನ್ ಕೂಲ್‌ಪಿಕ್ಸ್.

ಅಪ್ಪ ತೀರಿಕೊಂಡದ್ದು 2021ರಲ್ಲಿ. ಆ ಫೋಟೋದಲ್ಲಿ ಅಪ್ಪ ಇಲ್ಲ. ಅಪ್ಪ ತೆಗೆದ ಯಾವ ಫೋಟೋದಲ್ಲೂ ಅಪ್ಪ ಇಲ್ಲ.

ಹುಡುಕುವುದು ಕಷ್ಟವಾಗಲಿಲ್ಲ. ಒಂದೇ ಸಂಜೆಯಲ್ಲಿ ಏಳು ಪ್ರತಿ ಸಿಕ್ಕಿದವು. ಆಯಿಯ ಫೋನಿನಲ್ಲಿ ಎರಡು. ನನ್ನ ಫೋನಿನಲ್ಲಿ ಒಂದು. ಅಪ್ಪನ ಗೂಗಲ್ ಫೋಟೋಸ್‌ನಲ್ಲಿ ಒಂದು. ಅಣ್ಣ ಯಾವಾಗಲೋ ಫೇಸ್‌ಬುಕ್‌ಗೆ ಹಾಕಿದ್ದು ಒಂದು. ಮನೆಯ ಹಾರ್ಡ್ ಡಿಸ್ಕ್‌ನಲ್ಲಿ ಒಂದು. ಇನ್ನೊಂದು ಯಾರೋ ತೆಗೆದ ಸ್ಕ್ರೀನ್‌ಶಾಟ್, ಮೇಲೆ ಬ್ಯಾಟರಿ ಚಿಹ್ನೆಯ ಸಮೇತ. ಎಲ್ಲದರಲ್ಲಿ ಚೆನ್ನಾಗಿ ಕಂಡದ್ದನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು ಶಿರಸಿಯ ಸ್ಟುಡಿಯೋಗೆ ಹೋದೆ. ಅಲ್ಲಿಯ ಹುಡುಗ ತೆರೆದು ನೋಡಿ ತಲೆಯಾಡಿಸಿದ. "ಮೇಡಂ, ಇದು ವಾಟ್ಸ್ಯಾಪ್‌ದು. ಒರಿಜಿನಲ್ ಇದ್ರೆ ತನ್ನಿ."

ಅವನು ಹೇಳಿದ ಲೆಕ್ಕ ಸರಳ. ನಾನು ಒಯ್ದದ್ದು ಅಗಲದಲ್ಲಿ 1600 ಪಿಕ್ಸೆಲ್, ಎತ್ತರದಲ್ಲಿ 1200. ಅದನ್ನು 18 ಇಂಚು ಅಗಲಕ್ಕೆ ಹಿಗ್ಗಿಸಿದರೆ ಇಂಚಿಗೆ 90 ಪಿಕ್ಸೆಲ್ ಕೂಡ ಬರುವುದಿಲ್ಲ. ಗೋಡೆಗೆ ಹಾಕುವ ಪ್ರಿಂಟಿಗೆ 200 ಆದರೂ ಬೇಕು, 300 ಇದ್ದರೆ ಒಳ್ಳೆಯದು. ಅಪ್ಪನ ಕ್ಯಾಮೆರಾ ತೆಗೆಯುತ್ತಿದ್ದದ್ದು 4000 ಅಗಲ, 3000 ಎತ್ತರದ ಫೋಟೋ. ನನ್ನ ಕೈಯಲ್ಲಿ ಇದ್ದದ್ದು ಅದರ ಆರನೇ ಒಂದು ಪಾಲಿಗಿಂತ ಕಡಿಮೆ.

ಏಳು ಪ್ರತಿ ಇದ್ದೂ ಅಸಲಿ ಇರಲಿಲ್ಲ. ಇದು ನನಗೆ ಅಷ್ಟು ವರ್ಷ ತಿಳಿದೇ ಇರಲಿಲ್ಲ. ಎಲ್ಲಿ ನೋಡಿದರೂ ಆ ಫೋಟೋ ಕಾಣುತ್ತಿತ್ತು, ಹಾಗಾಗಿ ಅದು ಕಳೆದಿದೆ ಎಂಬ ಯೋಚನೆಯೇ ಬರಲಿಲ್ಲ. ಒಂದೇ ಪ್ರತಿ ಇದ್ದಿದ್ದರೆ ಜೋಪಾನ ಮಾಡುತ್ತಿದ್ದೆ.

ಅಜ್ಜನ ಕಾಲದಲ್ಲಿ ಅಸಲಿ ಯಾವುದು ಎಂಬ ಗೊಂದಲ ಇರಲಿಲ್ಲ. ನೆಗೆಟಿವ್ ಅಸಲಿ, ಕಾಗದದ ಮೇಲೆ ಬಂದದ್ದು ಪ್ರತಿ. ನಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ಇನ್ನೂ ಕೆಲವು ನೆಗೆಟಿವ್ ಇವೆ. ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದಿದೆ. ಫಿಲ್ಮಿನ ಮೇಲಿನ ಪದರ ಜೆಲಾಟಿನ್‌ನದು, ಬೂಷ್ಟಿಗೆ ಅದು ಆಹಾರ. ಆದರೂ ಹಿಡಿದು ಬೆಳಕಿಗೆ ಒಡ್ಡಿದರೆ ಇದು ನೆಗೆಟಿವ್ ಎಂದು ಮಗುವಿಗೂ ಗೊತ್ತಾಗುತ್ತದೆ. ಫೈಲ್ ಹಾಗಲ್ಲ. ಫೋನಿನ ಪುಟ್ಟ ಪರದೆಯ ಮೇಲೆ ಅಸಲಿಯೂ ಸವಕಲು ಪ್ರತಿಯೂ ಒಂದೇ ಥರ ಕಾಣುತ್ತವೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಪಿ ಮಾಡಿದರೆ ಏನೂ ಹಾಳಾಗುವುದಿಲ್ಲ. ನೂರು ಸಲ ಮಾಡಿದರೂ ಅಷ್ಟೇ. ಜೆಪೆಗ್ ಫೋಟೋ ಹಾಳಾಗುವುದು ಅದನ್ನು ತೆರೆದು, ಮತ್ತೆ ಕುಗ್ಗಿಸಿ ಸೇವ್ ಮಾಡಿದಾಗ. ವಾಟ್ಸ್ಯಾಪ್ ಫೋಟೋ ಕಳಿಸುವಾಗ ಮಾಡುವುದು ಇದನ್ನೇ. ಉದ್ದದ ಬದಿಯನ್ನು ಸಾಮಾನ್ಯವಾಗಿ 1600 ಪಿಕ್ಸೆಲ್‌ಗೆ ಇಳಿಸುತ್ತದೆ. ಜೊತೆಗೆ ಎಕ್ಸಿಫ್ ಅಳಿಸುತ್ತದೆ. ಎಕ್ಸಿಫ್ ಅಂದರೆ ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಗಂಟೆ ಎಂದು ಫೋಟೋ ತನ್ನೊಳಗೇ ಇಟ್ಟುಕೊಂಡಿರುವ ಟಿಪ್ಪಣಿ. ಫೈಲಿನ ಹೆಸರಿನಲ್ಲಿ ಒಂದು ತಾರೀಕು ಇರುತ್ತದೆ ನಿಜ, ಆದರೆ ಅದು ವಾಟ್ಸ್ಯಾಪ್‌ನಲ್ಲಿ ಬಂದ ದಿನದ್ದು, ತೆಗೆದ ದಿನದ್ದಲ್ಲ. ನಮ್ಮ ಕಾಳಿ ಫೋಟೋ ಆಯಿಯ ಫೋನಿನ ಪ್ರಕಾರ 2015ರದ್ದು. ಫೋಟೋವನ್ನು 'ಡಾಕ್ಯುಮೆಂಟ್' ಎಂದು ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಆದರೆ ಕುಟುಂಬದ ಗ್ರೂಪಿಗೆ ಯಾರು ಹಾಗೆ ಕಳಿಸುತ್ತಾರೆ?

ಅಪ್ಪನ ಗೂಗಲ್ ಫೋಟೋಸ್ ಮೇಲೆ ನನಗೆ ಆಸೆ ಇತ್ತು. ಅಲ್ಲೂ ಇದ್ದದ್ದು ಫೋನಿನ ವಾಟ್ಸ್ಯಾಪ್ ಫೋಲ್ಡರಿನಿಂದ ಏರಿದ ಪ್ರತಿಯೇ. ಪ್ರತಿಯ ಪ್ರತಿ.

ಹಾಗಾದರೆ ಅಸಲಿ ಎಲ್ಲಿ ಹೋಯಿತು? ಇದನ್ನು ಹೇಳಲು ನನಗೆ ಇವತ್ತಿಗೂ ಸಂಕಟವಾಗುತ್ತದೆ. ಅದನ್ನು ಅಳಿಸಿದ್ದು ನಾನೇ.

ಅಪ್ಪ ತನ್ನ ಎಲ್ಲ ಫೋಟೋಗಳನ್ನು ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಇಟ್ಟಿದ್ದ. 2013ರಲ್ಲಿ ಇಡೀ ಫೋಲ್ಡರನ್ನು ಒಂದು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿದ. 2016ರ ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಹೊಡೆದು ಡೆಸ್ಕ್‌ಟಾಪ್ ಸುಟ್ಟುಹೋಯಿತು. ಘಟ್ಟದ ಮೇಲಿನವರಿಗೆ ಇದು ಹೊಸ ಸುದ್ದಿಯಲ್ಲ. ಆದರೆ ಡಿಸ್ಕ್ ಉಳಿಯಿತು, ಅಪ್ಪ ಅದನ್ನು ಕಪಾಟಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ. 2019ರಲ್ಲಿ ನಾನು ಅದನ್ನು ನನ್ನ ಲ್ಯಾಪ್‌ಟಾಪ್‌ಗೆ ಜೋಡಿಸಿದೆ. ಎಲ್ಲರ ಫೋನಿನ ಫೋಟೋಗಳನ್ನೂ ಅದೇ ಡಿಸ್ಕ್‌ಗೆ ತುಂಬಿದೆ. ಫೋಟೋ ಜೋಡಿಸಿಡುವ ಸಾಫ್ಟ್‌ವೇರ್ ಆದ ಲೈಟ್‌ರೂಮ್‌ನಲ್ಲಿ ಎಲ್ಲದಕ್ಕೂ ಒಂದು ಕ್ಯಾಟಲಾಗ್, ಅಂದರೆ ಪಟ್ಟಿ, ಮಾಡಿದೆ. ಎಲ್ಲಿ ನೋಡಿದರೂ ಎರಡೆರಡು, ಮೂರು ಮೂರು. ಡಿಸ್ಕ್ ತುಂಬುತ್ತಾ ಬಂದಿತ್ತು. ಡೂಪ್ಲಿಕೇಟ್ ಹುಡುಕುವ ಒಂದು ಸಾಫ್ಟ್‌ವೇರ್ ಹಾಕಿಕೊಂಡೆ.

ಅದರಲ್ಲಿ ಎರಡು ದಾರಿ ಇದ್ದವು. ಒಂದು, ತದ್ರೂಪು ಫೈಲುಗಳನ್ನು ಹುಡುಕುವುದು. ಇದಕ್ಕೆ ಹ್ಯಾಶ್ ಎಂಬ ಲೆಕ್ಕ ಬಳಸುತ್ತಾರೆ. ಫೈಲಿನ ಪ್ರತಿ ಅಕ್ಷರವನ್ನೂ ಓದಿ, ಅದರಿಂದ ಒಂದು ಸಂಖ್ಯೆ ತೆಗೆಯುವುದು, ಮನುಷ್ಯರ ಬೆರಳಚ್ಚು ಇದ್ದ ಹಾಗೆ. ಎರಡು ಫೈಲುಗಳ ಸಂಖ್ಯೆ ಒಂದೇ ಆದರೆ ಅವು ಒಂದೇ ಫೈಲ್, ಹೆಸರು ಏನೇ ಇರಲಿ. ಒಳಗೆ ಒಂದು ಚುಕ್ಕೆ ಬದಲಾದರೂ ಸಂಖ್ಯೆ ಪೂರಾ ಬೇರೆ. ಇನ್ನೊಂದು ದಾರಿ, ನೋಡಲು ಒಂದೇ ಥರ ಇರುವವನ್ನು ಹುಡುಕುವುದು. ಮೊದಲನೆಯದರಲ್ಲಿ ಯಾವುದನ್ನು ಅಳಿಸಿದರೂ ನಷ್ಟವಿಲ್ಲ. ಎರಡನೆಯದರಲ್ಲಿ ಯಾವುದನ್ನು ಉಳಿಸುತ್ತೀರಿ ಎಂಬುದೇ ಎಲ್ಲ. ನಾನು ಎರಡನೆಯದನ್ನು ಆರಿಸಿದೆ. ಯಾವುದನ್ನು ಉಳಿಸಲಿ ಎಂದು ಕೇಳಿದಾಗ 'ಹೊಸದನ್ನು' ಎಂದೆ. ಹೊಸದು ಅಂದರೆ ಒಳ್ಳೆಯದು ಎಂದು ಅಂದುಕೊಂಡಿದ್ದೆ. ಆದರೆ 2010ರ ಕ್ಯಾಮೆರಾ ಫೈಲಿನ ಪಕ್ಕದಲ್ಲಿ 2015ರ ವಾಟ್ಸ್ಯಾಪ್ ಪ್ರತಿಯೇ ಹೊಸದು, ಅಲ್ವಾ? ಅದು ಉಳಿಯಿತು. ಅಪ್ಪನ ಫೈಲ್ ಹೋಯಿತು. ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದೆ. ಮರುವರ್ಷ ದೀಪಾವಳಿಗೆ ಬಂದ ಅಣ್ಣ ತನ್ನ ಡಿಸ್ಕ್‌ಗೆ ಕಾಪಿ ಮಾಡಿಕೊಂಡದ್ದು ಹೀಗೆ ಗುಡಿಸಿದ ಮೇಲೆ ಉಳಿದದ್ದನ್ನೇ.

ಆ ದಿನ ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತು ನೋಡುತ್ತಿದ್ದ. ಎಷ್ಟು ಜಾಗ ಉಳಿಯಿತು ಎಂದು ಕೇಳಿದ. ಹೇಳಿದೆ. ಖುಷಿಪಟ್ಟ.

2024ರಲ್ಲಿ ಆ ಲೈಟ್‌ರೂಮ್ ಕ್ಯಾಟಲಾಗ್ ಮತ್ತೆ ತೆರೆದಾಗ ಎದೆ ಧಸಕ್ ಎಂದಿತು. ಸಾವಿರಾರು ಫೋಟೋಗಳ ಮೂಲೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆ. ಫೈಲ್ ಕಾಣೆಯಾಗಿದೆ ಎಂದು ಅದರ ಅರ್ಥ. ಆಮೇಲೆ ತಿಳಿಯಿತು, ಅದರಲ್ಲಿ ಹೆಚ್ಚಿನವು ಕಾಣೆಯಾಗಿರಲೇ ಇಲ್ಲ. ಕ್ಯಾಟಲಾಗ್ ಫೋಟೋವನ್ನು ಇಟ್ಟುಕೊಂಡಿರುವುದಿಲ್ಲ, ಅದರ ವಿಳಾಸವನ್ನು ಇಟ್ಟುಕೊಂಡಿರುತ್ತದೆ. 2019ರಲ್ಲಿ ಡಿಸ್ಕ್‌ನ ವಿಳಾಸ 'ಇ' ಡ್ರೈವ್ ಆಗಿತ್ತು. ಈಗ ವಿಂಡೋಸ್ ಅದಕ್ಕೆ 'ಎಫ್' ಎಂದು ಹೆಸರಿಟ್ಟಿತ್ತು. ಮೇಲಿನ ಫೋಲ್ಡರ್ ಇಲ್ಲಿದೆ ಎಂದು ಒಮ್ಮೆ ತೋರಿಸಿದ್ದೇ ತಡ, ಚಿಹ್ನೆಗಳು ಸಾಲುಸಾಲಾಗಿ ಮಾಯವಾದವು. ಯಾರಿಗಾದರೂ ಹೀಗಾದರೆ ಮೊದಲು ಇದನ್ನು ನೋಡಿ. ಗಾಬರಿಯಲ್ಲಿ ಆ ಚಿತ್ರಗಳನ್ನು ಕ್ಯಾಟಲಾಗಿನಿಂದ ತೆಗೆದುಹಾಕಬೇಡಿ.

ಆದರೂ ಒಂದಷ್ಟು ಚಿಹ್ನೆಗಳು ಉಳಿದವು. ಅವು ನಿಜವಾಗಿ ಇಲ್ಲದವು, ನಾನು ಅಳಿಸಿದವು. ಕಾಳಿಯ ಫೋಟೋ ಅವುಗಳಲ್ಲಿ ಒಂದು. ಕ್ಯಾಟಲಾಗಿನಲ್ಲಿ ಫೋಟೋದ ಪುಟ್ಟ ಕಿರುಚಿತ್ರ ಇದೆ, ಅದರ ಹಿಂದೆ ಫೈಲ್ ಇಲ್ಲ. ಆದರೆ ಆ ಕಿರುಚಿತ್ರ ನನಗೆ ಎರಡು ವಿಷಯ ಹೇಳಿತು. ಫೈಲಿನ ಹೆಸರು ಡಿಎಸ್‌ಸಿಎನ್ 0457. ಇದ್ದ ಫೋಲ್ಡರ್ 'ಕಾರವಾರ ನವೆಂಬರ್ 2010'. ಕಳೆದದ್ದು ಏನು ಎಂಬ ಪಟ್ಟಿಯಾದರೂ ಸಿಕ್ಕಿತಲ್ಲ ಎಂದು ಆಗಲೇ ಅನ್ನಿಸಿದ್ದು.

ಆ ಹೆಸರಿನಿಂದ ಡಿಸ್ಕ್ ಪೂರಾ ಹುಡುಕಿದೆ. ಎರಡು ಸಿಕ್ಕಿದವು! ತೆರೆದರೆ ಒಂದರಲ್ಲಿ ಯಾಣದ ಭೈರವೇಶ್ವರ ಶಿಖರ. ಇನ್ನೊಂದರಲ್ಲಿ ಅಂಗಳದ ಮೂಲೆಯಲ್ಲಿ ಒರಗಿಸಿಟ್ಟ ಒಂದು ಹಲಸಿನ ಹಣ್ಣು. ಕ್ಯಾಮೆರಾದ ಎಣಿಕೆ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರುವಾಗುತ್ತದೆ. ಕೆಲವೊಮ್ಮೆ ನಾವೇ ಎಣಿಕೆಯನ್ನು ಹೊಸದಾಗಿ ಶುರುಮಾಡುತ್ತೇವೆ. ಹಾಗಾಗಿ ಬೇರೆ ಬೇರೆ ಫೋಟೋಗಳಿಗೆ ಒಂದೇ ಹೆಸರು. ಒಂದೇ ಫೋಟೋಗೆ ಏಳು ಹೆಸರು. ಹೆಸರು ನೋಡಿ ಡೂಪ್ಲಿಕೇಟ್ ಎಂದು ತೀರ್ಮಾನಿಸಿ, ಒಂದರ ಮೇಲೆ ಇನ್ನೊಂದನ್ನು ಬರೆಸಿಬಿಟ್ಟರೆ ಯಾಣವೋ ಹಲಸೋ ಒಂದು ಹೋಗುತ್ತಿತ್ತು.

ಅಳಿಸಿದ ಫೈಲ್ ಮರಳಿ ತರುವ ಸಾಫ್ಟ್‌ವೇರ್ ಕೂಡ ಓಡಿಸಿದೆ. ಇಂಥ ಡಿಸ್ಕ್‌ನಲ್ಲಿ ಅಳಿಸಿದ ಫೈಲ್ ಕೂಡಲೇ ಹೋಗುವುದಿಲ್ಲ, ಅದರ ಜಾಗದಲ್ಲಿ ಬೇರೆಯದು ಬಂದು ಕೂತಾಗ ಹೋಗುತ್ತದೆ. ಐದು ವರ್ಷದಲ್ಲಿ ಅದರ ಮೇಲೆ ಏನೆಲ್ಲ ತುಂಬಿದ್ದೆ. ಸಿಗಲಿಲ್ಲ.

ಕಾಳಿಯ ಫೋಟೋ ಸಿಗುವುದಿಲ್ಲ ಎಂದು ಆಸೆ ಬಿಟ್ಟಮೇಲೂ ಕೆಲಸ ಮಾತ್ರ ಬಿಡಲಿಲ್ಲ. ಉಳಿದದ್ದಾದರೂ ಸರಿಯಾಗಿರಲಿ ಎಂದು ಹೊಸ ಡಿಸ್ಕ್ ಕೊಂಡೆ. 2025ರ ಫೆಬ್ರವರಿ, ಮಾರ್ಚ್‌ನ ಭಾನುವಾರಗಳನ್ನೆಲ್ಲ ಊರಿನ ಮನೆಯ ಜಗುಲಿಯಲ್ಲಿ ಕಳೆದೆ. ಈ ಸಲ ಮೊದಲ ನಿಯಮ, ಏನನ್ನೂ ಅಳಿಸಬಾರದು. ಎಲ್ಲವನ್ನೂ ಹೊಸ ಡಿಸ್ಕ್‌ಗೆ ತಂದು, ಎಲ್ಲಿಂದ ಬಂತೋ ಆ ಹೆಸರಿನ ಫೋಲ್ಡರಿನಲ್ಲಿ ಇಟ್ಟೆ. ಅಪ್ಪನ ಡಿಸ್ಕ್, ಅಣ್ಣನ ಡಿಸ್ಕ್, ಆಯಿಯ ಫೋನ್. ಹ್ಯಾಶ್ ಒಂದೇ ಇದ್ದ ಫೈಲುಗಳಲ್ಲಿ ಒಂದನ್ನು ಇಟ್ಟು ಉಳಿದವನ್ನು ಬೇರೆ ತೆಗೆದೆ. ನೋಡಲು ಒಂದೇ ಥರ ಇರುವವನ್ನು ಕಣ್ಣಿನಿಂದಲೇ ನೋಡಿದೆ. ಎಕ್ಸಿಫ್ ಇದೆಯಾ, ಪಿಕ್ಸೆಲ್ ಎಷ್ಟು, ಪೂರ್ತಿ ತೆರೆಯುತ್ತದಾ. ಕ್ಯಾಮೆರಾದ ಫೈಲ್ ಕಣ್ಣೆದುರು ತೆರೆದು ಕಾಣುವ ತನಕ ವಾಟ್ಸ್ಯಾಪ್ ಪ್ರತಿಯನ್ನು ಮುಟ್ಟಲಿಲ್ಲ.

ಪಕ್ಕದಲ್ಲಿ ಆಯಿ ಚಾಲಿ ಆರಿಸುತ್ತಿದ್ದಳು. ಸುಲಿದ ಅಡಿಕೆಯ ರಾಶಿಯಿಂದ ಕೆಂಪುಗೋಟು ಒಂದು ಕಡೆ, ಬಿಳಿಗೋಟು ಒಂದು ಕಡೆ, ಕೋಕ ಒಂದು ಕಡೆ. ಅವಳ ಕೈ ನೋಡುತ್ತಾ ಕೂತಿದ್ದೆ. ಅನುಮಾನ ಬಂದ ಅಡಿಕೆಯನ್ನು ಅವಳು ಯಾವ ಗುಂಪಿಗೂ ಹಾಕುತ್ತಿರಲಿಲ್ಲ. ತೊಡೆಯ ಪಕ್ಕದ ಸಣ್ಣ ಬುಟ್ಟಿಗೆ ಹಾಕಿ, ಕೊನೆಗೆ ಹಗಲು ಬೆಳಕಿನಲ್ಲಿ ಇನ್ನೊಮ್ಮೆ ನೋಡುತ್ತಿದ್ದಳು. ನಾನೂ 'ಅನುಮಾನ' ಎಂದು ಒಂದು ಫೋಲ್ಡರ್ ಮಾಡಿದೆ. ಇವತ್ತಿಗೂ ಇದೆ, ಖಾಲಿಯಾಗಿಲ್ಲ.

ತಾರೀಕಿನದ್ದು ಇನ್ನೊಂದು ತಲೆನೋವು. ಅಪ್ಪನ ಕ್ಯಾಮೆರಾದಲ್ಲಿ ಸೆಲ್ ತೆಗೆದು ತುಂಬಾ ದಿನ ಬಿಟ್ಟರೆ ಗಡಿಯಾರ ಹಿಂದಕ್ಕೆ ಹೋಗಿ ಜನವರಿ 1ಕ್ಕೆ ನಿಲ್ಲುತ್ತಿತ್ತು. ಅಪ್ಪ ಅದನ್ನು ಯಾವಾಗಲೂ ಸರಿ ಮಾಡುತ್ತಿರಲಿಲ್ಲ. ಒಂದು ಜನವರಿಯ ಒಂದೇ ದಿನದಲ್ಲಿ ಮಳೆಗಾಲ, ಅಡಿಕೆ ಕೊನೆ ಕೊಯ್ಲು, ಮದುವೆ ಎಲ್ಲ ಸೇರಿಕೊಂಡಿದ್ದವು. ಅದನ್ನು ಬಿಡಿಸಲು ಸಹಾಯಕ್ಕೆ ಬಂದದ್ದು ಶಿರಸಿಯ ಹಬ್ಬಗಳು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. 2010, 2012, 2014, ಹೀಗೆ ಸಮ ವರ್ಷದಲ್ಲಿ. ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ. ಜಾತ್ರೆ ನಡೆಯುವ ಬಿಡಕಿ ಬೈಲಿನಲ್ಲಿ ದೇವಿ ಕೂತಿದ್ದರೆ ಅದು ಸಮ ವರ್ಷ. ಬೆನ್ನಿಗೆ ನವಿಲುಗರಿ ಕಟ್ಟಿ ಕುಣಿಯುವ ಬೇಡ ಇದ್ದರೆ ಬೆಸ ವರ್ಷ. ಆ ಫೋಟೋದ ಹಿಂದೆ ಮುಂದೆ ಇದ್ದ ಸಂಖ್ಯೆಗಳೆಲ್ಲ ಆ ವರ್ಷಕ್ಕೇ ಸೇರುತ್ತವೆ. ವರ್ಷ ಗೊತ್ತಾದ ಮೇಲೆ ತಿಂಗಳನ್ನು ಆಯಿ ಹೇಳುತ್ತಿದ್ದಳು, ಯಾರ ಮನೆಯ ಮದುವೆ, ಅಂಗಳದಲ್ಲಿ ಚಪ್ಪರ ಇತ್ತೋ ಇಲ್ಲವೋ ನೋಡಿ.

ಹೀಗೇ ಒಂದು ಭಾನುವಾರ ಕಾಳಿಯ ಫೋಟೋ ಮತ್ತೆ ಪರದೆಯ ಮೇಲೆ ಬಂತು. ಆಯಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

"ಗುಡ್ಡ ಎಲ್ಲಿ ಹೋತೇ ಕೂಸೇ? ಇದ್ರಲ್ಲಿ ಗುಡ್ಡ ಇದ್ದಿತ್ತು."

ಇದನ್ನು ಅವಳು ಹಿಂದೆಯೂ ಒಂದೆರಡು ಸಲ ಹೇಳಿದ್ದಳು. ಸದಾಶಿವಗಡದ ಗುಡ್ಡ. ನನಗೆ ಯಾವಾಗಲೂ ಅನ್ನಿಸಿದ್ದು, ಅವಳು ಅಲ್ಲಿ ನಿಂತು ಗುಡ್ಡ ನೋಡಿದ್ದಾಳೆ, ಅದು ಫೋಟೋದಲ್ಲೂ ಇತ್ತು ಎಂದು ನೆನಪು ಬೆರೆತುಹೋಗಿದೆ ಎಂದು. ಏಳು ಪ್ರತಿಯಲ್ಲೂ ಗುಡ್ಡ ಇರಲಿಲ್ಲವಲ್ಲ. ಸೇತುವೆ ಕೂಡ ಅರ್ಧಕ್ಕೇ ಮುಗಿಯುತ್ತಿತ್ತು.

ಆದರೆ ಆ ದಿನ ಬೇರೆ ಯೋಚನೆ ಬಂತು. ಗುಡ್ಡ ಇದ್ದದ್ದು ನಿಜವಾದರೆ ಅದನ್ನು ಯಾರೋ ಕತ್ತರಿಸಿದ್ದಾರೆ. ಕತ್ತರಿಸಿದ್ದರೆ ಅಪ್ಪನೇ. ಅಪ್ಪ ಕತ್ತರಿಸಿದ್ದರೆ ಪಿಕಾಸಾದಲ್ಲೇ, ಫೋಟೋ ನೋಡುವ, ತಿದ್ದುವ ಗೂಗಲ್ ಸಾಫ್ಟ್‌ವೇರ್ ಅದು. ಊಟ ಆದಮೇಲೆ ಅದರ ಮುಂದೆ ಕೂತು ವಾರೆಯಾದ ಫೋಟೋ ನೆಟ್ಟಗೆ ಮಾಡುವುದು, ಬೇಡದ್ದನ್ನು ಕತ್ತರಿಸುವುದು ಅಪ್ಪನ ದಿನನಿತ್ಯದ ಕೆಲಸವಾಗಿತ್ತು. ಗೂಗಲ್ 2016ರ ಮಾರ್ಚ್‌ನಲ್ಲಿ ಪಿಕಾಸಾವನ್ನು ನಿಲ್ಲಿಸಿತು. ಆದರೆ ಅದರಲ್ಲಿ ಒಂದು ಒಳ್ಳೆಯ ಗುಣ ಇತ್ತು. ಫೋಟೋ ತಿದ್ದಿ ಸೇವ್ ಕೊಟ್ಟರೆ, ತಿದ್ದುವ ಮೊದಲಿನ ಫೈಲನ್ನು ಅದು ಬಿಸಾಡುತ್ತಿರಲಿಲ್ಲ. ಅದೇ ಜಾಗದಲ್ಲಿ 'ಪಿಕಾಸಾಒರಿಜಿನಲ್ಸ್' ಎಂಬ ಫೋಲ್ಡರ್ ಮಾಡಿ ಅದರೊಳಗೆ ಎತ್ತಿಡುತ್ತಿತ್ತು. ಕಣ್ಣಿಗೆ ಕಾಣದ, ಅಡಗಿದ ಫೋಲ್ಡರ್.

ವಿಂಡೋಸ್‌ನಲ್ಲಿ ಅಡಗಿದ ಫೈಲುಗಳನ್ನು ತೋರಿಸು ಎಂಬ ಕಡೆ ಗುರುತು ಹಾಕಿದೆ. ಮೊದಲು ನೋಡಿದ್ದು ಅಣ್ಣನ ಡಿಸ್ಕ್, ಅದೇ ಜೋಡಿಸಿ ಇತ್ತು. ಇರಲಿಲ್ಲ. ಅಣ್ಣ ಫೋಲ್ಡರಿನ ಒಳಗೆ ಹೋಗಿ ಕಂಡದ್ದನ್ನೆಲ್ಲ ಸೆಲೆಕ್ಟ್ ಮಾಡಿ ಕಾಪಿ ಮಾಡಿದ್ದ. ಹಾಗೆ ಮಾಡಿದರೆ ಕಾಣದ್ದು ಹಿಂದೆಯೇ ಉಳಿಯುತ್ತದೆ. ಆಮೇಲೆ ಅಪ್ಪನ ಡಿಸ್ಕ್ ಹಾಕಿದೆ. ಅಪ್ಪ 2013ರಲ್ಲಿ ಇಡೀ ಫೋಲ್ಡರನ್ನೇ ಎತ್ತಿ ಕಾಪಿ ಮಾಡಿದ್ದನಲ್ಲ. 'ಕಾರವಾರ ನವೆಂಬರ್ 2010' ತೆರೆದೆ. ಮಸುಕು ಬಣ್ಣದಲ್ಲಿ ಒಂದು ಫೋಲ್ಡರ್ ಕಂಡಿತು. ನನ್ನ 2019ರ ಸಾಫ್ಟ್‌ವೇರ್ ಅದರೊಳಗೆ ಇಣುಕಿಯೇ ಇರಲಿಲ್ಲ. ಒಳಗೆ ಹನ್ನೊಂದು ಫೈಲ್. ನಾಲ್ಕನೆಯದು ಡಿಎಸ್‌ಸಿಎನ್ 0457. ಅಗಲ 4000, ಎತ್ತರ 3000.

ತೆರೆದಾಗ ಇಬ್ಬರೂ ಮಾತಾಡಲಿಲ್ಲ. ಸೇತುವೆ ಆ ದಡದವರೆಗೂ ಇತ್ತು. ಅದರ ಕೊನೆಯಲ್ಲಿ ಸದಾಶಿವಗಡದ ಗುಡ್ಡ, ಹಸಿರಾಗಿ. ಆಯಿಯ ಸೀರೆಯ ಅಂಚಿನ ನೇಯ್ಗೆ ಕಾಣುತ್ತಿತ್ತು. ಬುತ್ತಿ ಡಬ್ಬಿಯ ಮೇಲೆ ಕೊರೆಸಿದ ಅಜ್ಜನ ಹೆಸರು ಓದಲು ಬರುತ್ತಿತ್ತು. ಮತ್ತೆ ಬಲಗಡೆ ಮೇಲಿನ ಮೂಲೆಯಲ್ಲಿ, ಗುಡ್ಡದ ಪಕ್ಕದ ಆಕಾಶದಲ್ಲಿ, ಕೆಂಪಗೆ ಮಸುಕಾದ ಒಂದು ದುಂಡು ಆಕಾರ. ಅಪ್ಪನ ಬೆರಳು. ಲೆನ್ಸಿಗೆ ಅಡ್ಡ ಬಂದಿದೆ. ಅದನ್ನು ತೆಗೆಯಲು ಹೋಗಿಯೇ ಅಪ್ಪ ಗುಡ್ಡವನ್ನೂ ಕತ್ತರಿಸಿದ್ದ.

ಆಯಿ ಪರದೆಯ ಆ ಮೂಲೆಯನ್ನು ಮುಟ್ಟಿದಳು.

ಅದೇ ರಾತ್ರಿ ಆ ಫೈಲನ್ನು ಮೂರು ಕಡೆ ಇಟ್ಟೆ. ಹೊಸ ಡಿಸ್ಕ್‌ನಲ್ಲಿ ಒಂದು, ಲ್ಯಾಪ್‌ಟಾಪ್‌ನಲ್ಲಿ ಒಂದು, ಬೆಂಗಳೂರಿನ ಅಣ್ಣನಿಗೆ ಡಾಕ್ಯುಮೆಂಟ್ ಆಗಿ ಒಂದು. ಉಳಿದ ಫೋಲ್ಡರುಗಳಲ್ಲೂ ಹೀಗೆ ಅಡಗಿದ್ದ ಇನ್ನಷ್ಟು ಸಿಕ್ಕಿದವು. ಅಪ್ಪ ತಿದ್ದಿದವು ಮಾತ್ರ. ತಿದ್ದದೆ ಬಿಟ್ಟವುಗಳಲ್ಲಿ ನಾನು ಅಳಿಸಿದ್ದೆಲ್ಲ ಹೋದ ಹಾಗೆಯೇ.

ಮುಂದಿನ ವಾರ ಆಯಿಯನ್ನೂ ಕರೆದುಕೊಂಡು ಸ್ಟುಡಿಯೋಗೆ ಹೋದೆ. ಹುಡುಗ ತೆರೆದು, "ಇದು ಒರಿಜಿನಲ್" ಎಂದು ನಕ್ಕ. 12ಕ್ಕೆ 18ರ ಕಾಗದದಲ್ಲಿ ಪೂರ್ತಿ ತುಂಬಿಸಿದರೆ ಮೇಲೆ ಕೆಳಗೆ ಸ್ವಲ್ಪ ಕತ್ತರಿಸಬೇಕಾಗುತ್ತದೆ, ಆ ಬೆರಳು ಅಲ್ಲೇ ಹೆಚ್ಚುಕಡಿಮೆ ಹೋಗುತ್ತದೆ, ಉಳಿದದ್ದನ್ನು ತಾನು ಆಕಾಶದ ಬಣ್ಣ ಹಚ್ಚಿ ಮುಚ್ಚುತ್ತೇನೆ ಎಂದ.

"ಬೇಡ" ಎಂದಳು ಆಯಿ. ನನ್ನ ಕಡೆ ತಿರುಗಿ ಮೆಲ್ಲಗೆ, "ಬೆರಳು ಇರ್ಲಿ, ತೆಗೆಸಡ" ಎಂದಳು.

ಎಡಕ್ಕೂ ಬಲಕ್ಕೂ ಒಂದೊಂದು ಇಂಚು ಬಿಳಿ ಬಿಟ್ಟು, 12ಕ್ಕೆ 16 ಅಳತೆಯಲ್ಲಿ, ಪೂರ್ತಿ ಫೋಟೋವನ್ನೇ ಮುದ್ರಿಸಿಕೊಟ್ಟ. ಈಗ ಅದು ಜಗುಲಿಯ ಗೋಡೆಯ ಮೇಲಿದೆ.